ಸಗಾನ್ ಹುಟ್ಟಿದ ಊರಿಗೆ, ಪ್ಯಾರಿಸ್ ಮೇಲಿಂದ

ವೀಸಾ, ಟಿಕೆಟ್ಟು, ಹೋಟೆಲ್ ಬುಕಿಂಗ್ ಎಲ್ಲರಿಗೂ ಗೊತ್ತಿರುವ ಕಥೆ. ಅದನ್ನು ಬಿಟ್ಟುಬಿಡುತ್ತೇನೆ. ಅಕ್ಕ ಫ್ರಾನ್ಸಿನ ತುಲೂಸ್‌ನಲ್ಲಿದ್ದಾಳೆ. ಭಾವನಿಗೆ ಅಲ್ಲಿ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಅವರ ಮನೆಗೆ ಹೋಗುವ ಮುಂಚೆ ಪ್ಯಾರಿಸ್ ಮತ್ತು ನಾರ್ಮಂಡಿ ನೋಡುವುದು, ಆಮೇಲೆ ಅಕ್ಕನ ಜೊತೆ ಲೋಟ್ ನದಿಯ ಕಣಿವೆಗೆ ಹೋಗುವುದು ಅಂತ ಮಾಡಿಕೊಂಡೆವು. ಈ ಮೂರೂ ಜಾಗಗಳನ್ನು ಹೊಲಿಯುವ ದಾರ ಫ್ರಾಂಸ್ವಾಜ್ ಸಗಾನ್. 18ನೇ ವಯಸ್ಸಿಗೇ ಒಂದು ಸಣ್ಣ ಕಾದಂಬರಿ ಬರೆದು ಇಡೀ ದೇಶ ಮಾತಾಡಿಕೊಳ್ಳುವ ಹಾಗೆ ಮಾಡಿದ ಹುಡುಗಿ. ಅವಳ ಪುಸ್ತಕದ ಇಂಗ್ಲಿಷ್ ಅನುವಾದವನ್ನು ಅಕ್ಕ ಕಾಲೇಜಿನಲ್ಲಿದ್ದಾಗ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಕೊಂಡು ತಂದಿದ್ದಳು. ಅವಳಾದ ಮೇಲೆ ನಾನು ಓದಿದೆ. ಅವತ್ತಿನಿಂದ ಆ ಹುಡುಗಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

ಬುಧವಾರ, ಪ್ಯಾರಿಸ್

ಅಕ್ಟೋಬರ್ ಕೊನೆಯ ವಾರ. ಬೆಳಿಗ್ಗೆ ಎಂಟಾದರೂ ಬೆಳಕು ಪೂರ್ತಿ ಹರಿದಿರಲಿಲ್ಲ. ಗಾರ್ ದ ಲೆಸ್ತ್ ರೈಲು ನಿಲ್ದಾಣದ ಹತ್ತಿರದ ಒಂದು ಓಣಿಯಲ್ಲಿ ನಗರದ ಸಾರ್ವಜನಿಕ ಗ್ರಂಥಾಲಯವಿದೆ. ಅದಕ್ಕೆ ಸಗಾನ್ ಹೆಸರಿಟ್ಟಿದ್ದಾರೆ. 2015ರಲ್ಲಿ ತೆರೆದದ್ದು. ಕಟ್ಟಡ ಮಾತ್ರ ತುಂಬಾ ಹಳೆಯದು. ಹಿಂದೆ ಇಲ್ಲಿ ಸೇಂಟ್ ಲಝಾರ್ ಹೆಂಗಸರ ಜೈಲಿತ್ತು. ಬೀದಿಯಲ್ಲಿ ಸಿಕ್ಕ ವೇಶ್ಯೆಯರನ್ನು ತಂದು ಕೂಡುತ್ತಿದ್ದದ್ದು ಇಲ್ಲಿ. ಗೂಢಚಾರಿಣಿ ಎಂದು 1917ರಲ್ಲಿ ಗುಂಡಿಗೆ ಬಲಿಯಾದ ಮಾತಾ ಹರಿಯನ್ನು ಇಟ್ಟಿದ್ದೂ ಇಲ್ಲೇ. ಸಮಾಜ ಕೆಟ್ಟವರೆಂದು ಗೋಡೆಯೊಳಗೆ ತಳ್ಳಿದ ಹೆಂಗಸರ ಜಾಗ ಈಗ ಯಾರು ಬೇಕಾದರೂ ಸುಮ್ನೆ ಒಳಗೆ ಹೋಗಿ ಕೂತು ಓದಬಹುದಾದ ಜಾಗ. ಅದಕ್ಕೆ ಸಗಾನ್ ಹೆಸರು. ಈ ಹೆಸರನ್ನು ಆರಿಸಿದವರ ಮೇಲೆ ನನಗೆ ಅಲ್ಲೇ ಗೌರವ ಬಂತು.

ಕಾರ್ಡು, ಗುರುತಿನ ಚೀಟಿ ಏನೂ ಕೇಳಲಿಲ್ಲ. ಅಂಗಳದಲ್ಲಿ ತಾಳೆಯ ಜಾತಿಯ ಗಿಡಗಳು, ಕೂರಲು ಕುರ್ಚಿಗಳು. ಒಳಗೆ ಮಕ್ಕಳ ಗದ್ದಲ. ಕೌಂಟರಿನಲ್ಲಿದ್ದ ಹೆಂಗಸಿಗೆ ನನ್ನ ಹರಕು ಫ್ರೆಂಚಿನಲ್ಲಿ ಸಗಾನ್ ಪುಸ್ತಕ ಎಲ್ಲಿದೆ ಅಂತ ಕೇಳಿದೆ. ಅವರು ಎದ್ದು ಬಂದು ಕಪಾಟಿನವರೆಗೂ ಕರೆದುಕೊಂಡು ಹೋದರು. ಮೊದಲ ಕಾದಂಬರಿ ಇರಬೇಕಾದ ಜಾಗ ಖಾಲಿ. "ಅದು ಇಲ್ಲಿ ನಿಲ್ಲುವುದೇ ಇಲ್ಲ. ಹೈಸ್ಕೂಲು ಹುಡುಗಿಯರು ಒಯ್ಯುತ್ತಾರೆ" ಎಂದರು. ಆಮೇಲೆ ಉಳಿದ ಪುಸ್ತಕಗಳ ಸಾಲನ್ನು ಬೆರಳಲ್ಲಿ ಸವರಿ, "ಇವನ್ನು ಯಾರೂ ಕೇಳುವುದಿಲ್ಲ" ಅಂದರು. ಸಗಾನ್ ಬರೆದದ್ದು ಸುಮಾರು 20 ಕಾದಂಬರಿ. ಅವುಗಳ ಜೊತೆಗೆ ನಾಟಕ, ಕಥೆ, ನೆನಪಿನ ಬರಹಗಳು. 50 ವರ್ಷದ ದುಡಿಮೆ ಅದು. ಜನರ ಕೈಗೆ ಹೋಗುವುದು ಆ ಮೊದಲನೆಯದು ಮಾತ್ರ.

ಹೊರಗೆ ಬಂದು ಫೋಬೂರ್ ಸೇಂಟ್ ಡೆನಿ ರಸ್ತೆಯಲ್ಲಿ ಉತ್ತರಕ್ಕೆ ನಡೆದರೆ ಲಾ ಶಪೆಲ್. ಶ್ರೀಲಂಕಾದ ತಮಿಳರ ಅಂಗಡಿ ಸಾಲು. ಕರಿಬೇವು, ನುಗ್ಗೆಕಾಯಿ, ತೆಂಗಿನಕಾಯಿ ಎಲ್ಲ ಬೀದಿಯಲ್ಲೇ. ಸಸ್ಯಾಹಾರಿಗಳು ಪ್ಯಾರಿಸ್‌ಗೆ ಬಂದರೆ ಈ ರಸ್ತೆ ನೆನಪಿಟ್ಟುಕೊಳ್ಳಿ. ನನಗೆ ಸಿಕ್ಕ ಮಸಾಲೆ ದೋಸೆ ಸ್ವಲ್ಪ ಮೆತ್ತಗಿತ್ತು. ಆದರೆ ಚಟ್ನಿ ಚೆನ್ನಾಗಿತ್ತು.

ಮಧ್ಯಾಹ್ನ ಮೂರನೇ ಲೈನಿನ ಮೆಟ್ರೊ ಹಿಡಿದು ಮಲ್‌ಜೆರ್ಬ್ ಬುಲವಾರ್ಡಿಗೆ ಹೋದೆ. 167ನೇ ನಂಬರಿನ ಕಟ್ಟಡದಲ್ಲಿ ಅವಳ ಅಪ್ಪ ಅಮ್ಮ ಇದ್ದರು. ಸಗಾನ್ ಆಗುವ ಮುಂಚೆ ಅವಳ ಹೆಸರು ಫ್ರಾಂಸ್ವಾಜ್ ಕ್ವಾರೆಜ್. ಅಪ್ಪ ಇಂಜಿನಿಯರ್, ಅನುಕೂಲಸ್ಥರು. ಅಗಲ ರಸ್ತೆ, ಸಾಲು ಮರ, ಕೆನೆಬಣ್ಣದ ಕಲ್ಲಿನ ಮನೆಗಳು, ಕಬ್ಬಿಣದ ಕಟಕಟೆಯ ಬಾಲ್ಕನಿಗಳು. ಯಾರೂ ಜೋರಾಗಿ ಮಾತಾಡದ ಬೀದಿ. ಶಾಲೆಯಲ್ಲಿ ಅವಳು ನಾಟಕಕಾರ ಮೊಲಿಯೇರನ ಪ್ರತಿಮೆಯ ಕತ್ತಿಗೆ ದಾರ ಕಟ್ಟಿ ನೇತು ಹಾಕಿದ್ದಳಂತೆ, ಪಾಠ ಬೇಜಾರಾಯಿತು ಅಂತ. ಶಾಲೆಯಿಂದ ಹೊರಗೆ ಹಾಕಿದರು. ಸೊರ್ಬಾನ್ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಫೇಲಾದಳು. 1953ರ ಆ ಬೇಸಗೆಯಲ್ಲಿ ಕೆಲವೇ ವಾರ ಕೂತು ಕಾದಂಬರಿ ಬರೆದಳು. ಹೆಸರು 'ಬೊಂಜೂರ್ ತ್ರಿಸ್ತೆಸ್', ಅಂದರೆ 'ನಮಸ್ಕಾರ, ದುಃಖವೇ'. ಪಾಲ್ ಎಲ್ಯುವಾರ್ ಕವಿತೆಯ ಸಾಲಿನಿಂದ ತೆಗೆದದ್ದು.

ಕಥೆ ಇಷ್ಟು. ಸೆಸಿಲ್‌ಗೆ 17 ವರ್ಷ. ಅಮ್ಮ ಇಲ್ಲ. ಶೋಕಿಲಾಲ ಅಪ್ಪ, ಅವನ ಚಿಕ್ಕ ಪ್ರಾಯದ ಗೆಳತಿ ಎಲ್ಸಾ. ಮೂವರೂ ಬೇಸಗೆ ಕಳೆಯಲು ದಕ್ಷಿಣದ ಕಡಲ ತೀರದ ಮನೆಗೆ ಹೋಗುತ್ತಾರೆ. ಅಮ್ಮನ ಹಳೆಯ ಗೆಳತಿ ಆನ್ ಅಲ್ಲಿಗೆ ಬರುತ್ತಾಳೆ. ಘನತೆಯ, ಶಿಸ್ತಿನ ಹೆಂಗಸು. ಅಪ್ಪ ಅವಳನ್ನು ಮದುವೆಯಾಗಲು ಹೊರಡುತ್ತಾನೆ. ಈ ಸುಖದ ದಿನಗಳು ಮುಗಿದವು ಅಂತ ಸೆಸಿಲ್‌ಗೆ ದಿಗಿಲು. ಎಲ್ಸಾಳನ್ನೂ ತನ್ನ ಹುಡುಗ ಸಿರಿಲ್‌ನನ್ನೂ ಮುಂದೆ ಬಿಟ್ಟು ಒಂದು ಆಟ ಹೂಡುತ್ತಾಳೆ. ಕೊನೆಗೆ ಆನ್ ಕಾರು ಕಮರಿಗೆ ಬಿದ್ದು ಸಾಯುತ್ತಾಳೆ. ಬೇಕೆಂದೇ ಬಿದ್ದಳೋ, ಆಯ ತಪ್ಪಿತೋ, ಖಚಿತವಾಗಿ ಗೊತ್ತಾಗುವುದಿಲ್ಲ.

ಗಲಾಟೆಯಾದದ್ದು ಆನ್ ಸಾವಿಗಲ್ಲ. ಸೆಸಿಲ್ ಮದುವೆಯಿಲ್ಲದೆ ಸಿರಿಲ್ ಜೊತೆ ಮಲಗುತ್ತಾಳೆ, ಅವಳಿಗೆ ಏನೂ ಆಗುವುದಿಲ್ಲ. ಬಸಿರಾಗುವುದಿಲ್ಲ, ಹುಡುಗ ಕೈಬಿಡುವುದಿಲ್ಲ, ಪಶ್ಚಾತ್ತಾಪದಿಂದ ಚರ್ಚಿಗೆ ಓಡುವುದಿಲ್ಲ. ಸುಖಪಟ್ಟೆ ಅಂತ ನೇರವಾಗಿ ಹೇಳುತ್ತಾಳೆ. ಅವತ್ತಿನ ಫ್ರಾನ್ಸ್ ಹೇಗಿತ್ತು ಅಂತ ಗೊತ್ತಿದ್ದರೆ ಇದು ಎಷ್ಟು ದೊಡ್ಡ ಮಾತು ಅಂತ ಅರ್ಥವಾಗುತ್ತದೆ. ಹೆಂಗಸರು ಮೊದಲ ಸಲ ವೋಟು ಹಾಕಿದ್ದು 1945ರಲ್ಲಿ. ಗರ್ಭನಿರೋಧಕಕ್ಕೆ ಕಾನೂನು ಒಪ್ಪಿಗೆ ಕೊಟ್ಟದ್ದು 1967ರಲ್ಲಿ. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಬ್ಯಾಂಕ್ ಖಾತೆ ತೆರೆಯಲು 1965ರ ತನಕ ಕಾಯಬೇಕಾಯಿತು. 21 ತುಂಬದವರು ಕಾನೂನಿನ ಪ್ರಕಾರ ಮಕ್ಕಳು. ಅಂಥ ದೇಶದಲ್ಲಿ 18ರ ಹುಡುಗಿ ಹೀಗೆ ಬರೆದಿದ್ದಳು.

ಅಪ್ಪ ಬೈಯಲಿಲ್ಲ, ತಡೆಯಲೂ ಇಲ್ಲ. ಮನೆತನದ ಹೆಸರು ಮಾತ್ರ ಹಾಕಬೇಡ ಎಂದರು. ಹುಡುಗಿ ತಾನು ಪ್ರೀತಿಯಿಂದ ಓದುತ್ತಿದ್ದ ಪ್ರೂಸ್ತ್‌ನ ಪುಸ್ತಕದಲ್ಲಿ ಬರುವ ಸಗಾನ್ ಎಂಬ ಹೆಸರನ್ನು ಎತ್ತಿಕೊಂಡಳು. 1954ರ ಜನವರಿಯಲ್ಲಿ ಹಸ್ತಪ್ರತಿ ರೆನೆ ಜೂಲಿಯಾರ್ ಪ್ರಕಾಶನಕ್ಕೆ ಹೋಯಿತು. ಮಾರ್ಚ್‌ನಲ್ಲಿ ಪುಸ್ತಕ ಬಂತು. ಮೇ ತಿಂಗಳಲ್ಲಿ ವಿಮರ್ಶಕರ ಬಹುಮಾನ. ಜೂನ್ 1ರಂದು 'ಲ ಫಿಗಾರೊ' ಪತ್ರಿಕೆಯ ಮೊದಲ ಪುಟದಲ್ಲಿ ನೊಬೆಲ್ ಪಡೆದಿದ್ದ ಫ್ರಾಂಸ್ವಾ ಮೊರಿಯಾಕ್ ಅವಳನ್ನು ಮುದ್ದಾದ ಪುಟ್ಟ ರಾಕ್ಷಸಿ ಎಂದು ಕರೆದರು. ಪುಸ್ತಕದ ಗುಣವನ್ನು ಅವರೂ ಒಪ್ಪಿದ್ದರು. ಆದರೆ ಜನ ಹಿಡಿದುಕೊಂಡದ್ದು ರಾಕ್ಷಸಿ ಎಂಬ ಮಾತನ್ನು.

ಕಟ್ಟಡದ ಬಾಗಿಲ ಮುಂದೆ ನಿಂತಾಗ ನನಗೆ ನೆನಪಾದದ್ದು ಬೇರೆ ವಿಷಯ. 1960ರಲ್ಲಿ, ಫ್ರಾನ್ಸಿನಿಂದ ಬಿಡುಗಡೆಗಾಗಿ ನಡೆದ ಅಲ್ಜೀರಿಯಾ ಯುದ್ಧದ ಕಾಲದಲ್ಲಿ, ಫ್ರೆಂಚ್ ಸೈನಿಕರ ಕೈಯಲ್ಲಿ ಚಿತ್ರಹಿಂಸೆ ಅನುಭವಿಸಿದ ಜಮೀಲಾ ಬುಪಾಶಾ ಎಂಬ ಅಲ್ಜೀರಿಯಾದ ಹುಡುಗಿಯ ಪರವಾಗಿ ಸಗಾನ್ ಬರೆದಳು. ಯುದ್ಧಕ್ಕೆ ಹೋಗಲೊಪ್ಪದವರ ಪರ 121 ಮಂದಿಯ ಹೇಳಿಕೆಗೆ ಸಹಿ ಹಾಕಿದಳು. ಮರುವರ್ಷ ಬಲಪಂಥೀಯ ಗುಪ್ತ ಸೇನೆಯವರು ಇದೇ ಕಟ್ಟಡದಲ್ಲಿ ಅವಳ ಅಪ್ಪ ಅಮ್ಮನ ಮನೆಗೆ ಬಾಂಬ್ ಇಟ್ಟರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. 1971ರಲ್ಲಿ ಗರ್ಭಪಾತ ಮಾಡಿಸಿಕೊಂಡಿದ್ದೇವೆ ಎಂದು ಬಹಿರಂಗವಾಗಿ ಹೇಳಿದ 343 ಹೆಂಗಸರ ಪಟ್ಟಿಯಲ್ಲೂ ಅವಳ ಹೆಸರಿದೆ. ಆಗ ಅದು ಜೈಲಿಗೆ ಹೋಗಬಹುದಾದ ಅಪರಾಧ. ಸಗಾನ್ ಅಂದರೆ ಸ್ಪೋರ್ಟ್ಸ್ ಕಾರು, ವಿಸ್ಕಿ, ಜೂಜು ಅಂತ ಬರೆಯುವವರು ಈ ಸಹಿಗಳನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಇದು ನೋವಿನ ವಿಷಯ.

ಗುರುವಾರ, ಓಂಫ್ಲರ್

ಸೇಂಟ್ ಲಝಾರ್ ನಿಲ್ದಾಣದಿಂದ ತ್ರೂವಿಲ್-ದೊವಿಲ್‌ಗೆ ರೈಲು ಎರಡು ಗಂಟೆ ಚಿಲ್ಲರೆ. ಅಲ್ಲಿಂದ ಓಂಫ್ಲರ್‌ಗೆ ಬಸ್ಸು. ಚಳಿಗಾಲದ ಹತ್ತಿರ ಬಂದರೆ ಬಸ್ಸುಗಳು ಕಡಿಮೆ. ವೇಳಾಪಟ್ಟಿಯಲ್ಲಿದ್ದ ಬಸ್ಸು ಅವತ್ತು ಬರಲೇ ಇಲ್ಲ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ನನ್ನ ಕೊಡೆ ಗಾಳಿಗೆ ಮಗುಚಿ ಎರಡು ಕಡ್ಡಿ ಮುರಿಯಿತು. ನಾರ್ಮಂಡಿಗೆ ಕೊಡೆ ತರಬೇಡಿ, ಟೋಪಿ ಇರುವ ರೈನ್‌ಕೋಟ್ ತನ್ನಿ. ನಿಲ್ದಾಣದಲ್ಲಿ ನನ್ನ ಹಾಗೇ ಕಾಯುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ಮಗನಿಗೆ ಫೋನ್ ಮಾಡಿ ಕರೆಸಿಕೊಂಡರು. "ನೀನೂ ಬಾ" ಅಂತ ಕೈಸನ್ನೆ ಮಾಡಿದರು.

ಕಾರಿನಲ್ಲಿ ಮಾತು ಶುರುವಾಯಿತು. ಮಗನಿಗೆ ಇಂಗ್ಲಿಷ್ ಬರುತ್ತಿತ್ತು, ನಡುವೆ ಅವನೇ ಸೇತುವೆ. ಇಂಡಿಯಾದಿಂದ ಸಗಾನ್ ಹುಡುಕಿಕೊಂಡು ಬಂದಿದ್ದೇನೆ ಎಂದಾಗ ಅವರು ಹಿಂದೆ ತಿರುಗಿ ನನ್ನ ಮುಖ ನೋಡಿದರು. ಅವರ ಅಮ್ಮ ಆ ಪುಸ್ತಕವನ್ನು ಕಪಾಟಿನಲ್ಲಿ ಬೆಡ್‌ಶೀಟುಗಳ ಕೆಳಗೆ ಮುಚ್ಚಿಡುತ್ತಿದ್ದರಂತೆ. ಇವರಿಗೆ ಆಗ ಹದಿನೈದು. ಅಮ್ಮ ಮಾರ್ಕೆಟ್ಟಿಗೆ ಹೋದಾಗ ಕಪಾಟು ತೆಗೆದು ಒಂದೊಂದೇ ಅಧ್ಯಾಯ ಓದಿ, ಬೆಡ್‌ಶೀಟ್ ಮಡಿಕೆ ಕೆಡದ ಹಾಗೆ ವಾಪಸ್ ಇಡುತ್ತಿದ್ದರಂತೆ. "ಆಮೇಲೆ ಗೊತ್ತಾಯಿತು, ಅಮ್ಮನೂ ಅಪ್ಪನಿಂದ ಮುಚ್ಚಿಡುತ್ತಿದ್ದಳು" ಅಂದರು. ಮಗ ಇದನ್ನು ಮೊದಲ ಸಲ ಕೇಳುತ್ತಿದ್ದ. ಅನುವಾದ ಮಾಡುವುದನ್ನೇ ಮರೆತು ಅಮ್ಮನ ಜೊತೆ ಏನೇನೋ ಕೇಳತೊಡಗಿದ. ನಾನು ಕಿಟಕಿಯಾಚೆ ಸೇಬಿನ ತೋಟ ನೋಡುತ್ತ ಕೂತೆ.

ಓಂಫ್ಲರ್ ಹಳೆಯ ಬಂದರು. ನೀರಿನ ಸುತ್ತ ಎತ್ತರದ, ಕಿರಿದಾದ ಮನೆಗಳು, ಮುಖಕ್ಕೆ ಕಲ್ಲುಹಲಗೆ ಹೊದಿಸಿದಂಥವು. ಸೇಂಟ್ ಕ್ಯಾಥರೀನ್ ಚರ್ಚು ಪೂರ್ತಿ ಮರದ್ದು. 15ನೇ ಶತಮಾನದಲ್ಲಿ ಹಡಗು ಕಟ್ಟುವ ಬಡಗಿಗಳು ಕಟ್ಟಿದ್ದು. ತಲೆ ಎತ್ತಿ ನೋಡಿದರೆ ಛಾವಣಿ ಮಗುಚಿದ ಹಡಗು. ಮಳೆ ಜೋರಾದಾಗ ಒಳಗೇ ಬಹಳ ಹೊತ್ತು ಕೂತಿದ್ದೆ.

ಊಟಕ್ಕೆ ಮಧ್ಯಾಹ್ನ ಎರಡು ಗಂಟೆಯೊಳಗೆ ಹೋಗಬೇಕು, ಆಮೇಲೆ ಅಡುಗೆಮನೆ ಮುಚ್ಚುತ್ತಾರೆ. ಚೀಸ್ ಮತ್ತು ಅಣಬೆ ಹಾಕಿದ ಗ್ಯಾಲೆಟ್ ತಿಂದೆ, ಹುರುಳಿಹಿಟ್ಟಿನ ಹಾಗೆ ಕಂದು ಬಣ್ಣದ ತೆಳು ದೋಸೆ ಅದು. ಸಿಹಿಗೆ 'ತರ್ಗೂಲ್' ತಂದಿಟ್ಟರು. ಅಕ್ಕಿ, ಹಾಲು, ಸಕ್ಕರೆ, ದಾಲ್ಚಿನ್ನಿ. ಮಣ್ಣಿನ ಪಾತ್ರೆಯಲ್ಲಿ ಹಾಕಿ ಐದಾರು ಗಂಟೆ ಸಣ್ಣ ಉರಿಯ ಓವನ್ನಿನಲ್ಲಿ ಬಿಡುತ್ತಾರೆ. ಮೇಲೆ ಕಂದು ಕೆನೆ ಕಟ್ಟಿರುತ್ತದೆ. ಚಮಚ ಹಾಕಿದರೆ ಒಳಗೆ ನಮ್ಮ ಅಕ್ಕಿ ಪಾಯಸ! ಎರಡನೇ ಸಲ ಕೇಳಿ ಹಾಕಿಸಿಕೊಂಡೆ.

ಸಗಾನ್ ತೀರಿಕೊಂಡದ್ದು ಈ ಊರಿನ ಆಸ್ಪತ್ರೆಯಲ್ಲಿ, 2004ರ ಸೆಪ್ಟೆಂಬರ್ 24ರಂದು. 69 ವರ್ಷ.

ಶುಕ್ರವಾರ, ಎಕ್‌ಮೊವಿಲ್ ಮತ್ತು ದೊವಿಲ್

ಬೆಳಿಗ್ಗೆ ಮಳೆ ಬಿಟ್ಟಿತ್ತು. ಓಂಫ್ಲರ್‌ನಿಂದ ಗುಡ್ಡ ಹತ್ತಿ ನಡೆದರೆ ಎಕ್‌ಮೊವಿಲ್. ದಾರಿಯಲ್ಲಿ ಗ್ರಾಸ್ ಗುಡ್ಡದ ಮೇಲೆ ನಾವಿಕರ ಪುಟ್ಟ ಪ್ರಾರ್ಥನಾ ಮಂದಿರ, ಕೆಳಗೆ ಸೇನ್ ನದಿ ಸಮುದ್ರ ಸೇರುವ ಅಗಲ ನೀರು, ದೂರದಲ್ಲಿ ನಾರ್ಮಂಡಿ ಸೇತುವೆ. ಇಷ್ಟು ದೂರ ನಡೆದದ್ದಕ್ಕೆ ಈ ನೋಟವೇ ಸಾಕು.

ಎಕ್‌ಮೊವಿಲ್‌ನಲ್ಲಿ ಸಗಾನ್ ಮನೆಯಿತ್ತು, 'ಮನ್ವಾರ್ ದು ಬ್ರೈ'. ಅದರ ಕಥೆ ಜನರಿಗೆ ಬಾಯಿಪಾಠ. ಒಂದು ಬೇಸಗೆಗೆಂದು ಬಾಡಿಗೆಗೆ ಹಿಡಿದಿದ್ದರು. 1950ರ ದಶಕದ ಕೊನೆ, ಆಗಸ್ಟ್ 8. ಹಿಂದಿನ ರಾತ್ರಿಯೆಲ್ಲ ದೊವಿಲ್ ಕ್ಯಾಸಿನೊದಲ್ಲಿ 8ನೇ ನಂಬರಿಗೆ ಹಣ ಕಟ್ಟಿ 80 ಲಕ್ಷ ಹಳೆಯ ಫ್ರಾಂಕ್ ಗೆದ್ದಳು. ಬೆಳಿಗ್ಗೆ 8ಕ್ಕೆ ಮನೆಯ ಮಾಲೀಕ ಸಾಮಾನು ಲೆಕ್ಕ ಮಾಡಲು ಬಂದ. ಮಾರುತ್ತೀರಾ ಅಂದಳು, 80 ಲಕ್ಷ ಅಂದ. ದುಡ್ಡನ್ನು ಅಲ್ಲೇ ಎಣಿಸಿ ಕೊಟ್ಟಳು.

ಮನೆ ಖಾಸಗಿ, ಒಳಗೆ ಬಿಡುವುದಿಲ್ಲ. ರಸ್ತೆಯಿಂದ ನನಗೆ ಕಂಡದ್ದು ಮರಗಳು ಮಾತ್ರ. ಬೇರೆಯವರ ಗೇಟಿನ ಮುಂದೆ ನಿಂತು ಇಣುಕುವುದು ನನಗೂ ಇಷ್ಟವಿರಲಿಲ್ಲ, ಮುಂದೆ ನಡೆದೆ. ಕೊನೆಗಾಲದಲ್ಲಿ ಸಾಲಕ್ಕೆ ಆ ಮನೆ ಅವಳ ಕೈತಪ್ಪಿತು. ಗೆಳತಿಯೊಬ್ಬರು ಕೊಂಡು, ಅವಳನ್ನು ಅಲ್ಲೇ ಇರಲು ಬಿಟ್ಟರು.

ವಾಪಸ್ ಬರಲು ಟ್ಯಾಕ್ಸಿ ಸಿಕ್ಕಿತು. ಚಾಲಕ ಮಧ್ಯವಯಸ್ಸಿನವನು, ಮಾತುಗಾರ. ಸಗಾನ್ ಹೆಸರು ಕೇಳಿದ್ದೇ ತಡ, ಎಡಗೈಯ ಬೆರಳು ಮಡಿಸುತ್ತ ಹೇಳಿದ: ಕಾರು ಅಪಘಾತ, ಡ್ರಗ್ಸ್, ಜೂಜು, ತೆರಿಗೆ ಕೇಸು, ಸಾಲ. "ಪಾಪ. ಅಷ್ಟು ಬೇಗ ಅಷ್ಟೊಂದು ಸಿಕ್ಕಿದರೆ ಹೀಗೇ ಆಗೋದು." ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹೇಳಿದ ಯಾವುದೂ ಸುಳ್ಳಲ್ಲ. ತೆರಿಗೆ ಪ್ರಕರಣದಲ್ಲಿ 2002ರಲ್ಲಿ ಅವಳಿಗೆ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆಯಾದದ್ದೂ ನಿಜ. ಆದರೂ ಆ ಮಾತು ನನ್ನನ್ನು ಕೊರೆಯಿತು. ಕಾದಂಬರಿಯ ಹುಡುಗಿಗೆ ಶಿಕ್ಷೆಯಾಗಲಿಲ್ಲ ಅಂತ 1954ರಲ್ಲಿ ಸಿಟ್ಟಾದರು. ಈಗ ಬರೆದವಳ ಬದುಕನ್ನೇ ಶಿಕ್ಷೆಯ ಕಥೆಯ ಹಾಗೆ ಜೋಡಿಸಿ ಹೇಳುತ್ತಾರೆ, ನೋಡಿ, ಕೊನೆಗೂ ಆಯಿತಲ್ಲ ಅನ್ನುವ ಹಾಗೆ. ಕುಡಿದು, ಜೂಜಾಡಿ, ಸಾಲ ಮಾಡಿ ಸತ್ತ ಗಂಡಸು ಲೇಖಕರು ಎಷ್ಟು ಮಂದಿ ಇಲ್ಲ? ಅವರ ಬದುಕನ್ನು ಯಾರೂ ಅವರ ಮೊದಲ ಪುಸ್ತಕದ ಲೆಕ್ಕಕ್ಕೆ ಬರೆಯುವುದಿಲ್ಲ. ಇದನ್ನು ಟ್ಯಾಕ್ಸಿಯವನಿಗೆ ಹೇಳುವಷ್ಟು ಫ್ರೆಂಚ್ ನನಗೆ ಬರುವುದಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ದೊವಿಲ್‌ನಲ್ಲಿ ಸಮುದ್ರದ ಉದ್ದಕ್ಕೂ ಹಲಗೆ ಹಾಸಿದ ನಡಿಗೆ ದಾರಿ. ಬಟ್ಟೆ ಬದಲಿಸುವ ಕೋಣೆಗಳ ಮುಂದೆ ಅಮೆರಿಕದ ಸಿನಿಮಾ ತಾರೆಯರ ಹೆಸರು. ಇಳಿತದ ಸಮಯ, ಮರಳು ಕಣ್ಣಳತೆಗೂ ಮೀರಿ ಚಾಚಿತ್ತು. ಕ್ಯಾಸಿನೊ ಬಿಳಿಯ ಅರಮನೆ. ಒಳಗೆ ಹೋಗಲು ಪಾಸ್‌ಪೋರ್ಟ್ ತೋರಿಸಬೇಕು. ನಾನು ಹೊರಗಿನಿಂದಲೇ ನೋಡಿ, ತೂಕ್ ನದಿ ದಾಟಿ ತ್ರೂವಿಲ್ ಕಡೆಗೆ ಹೋದೆ. ನೀರು ಇಳಿದಾಗ ಕಾಲುಸೇತುವೆ, ಏರಿದಾಗ ಪುಟ್ಟ ದೋಣಿ. ತ್ರೂವಿಲ್ ಮೀನುಗಾರರ ಊರು, ದೊವಿಲ್‌ಗಿಂತ ಅಗ್ಗ, ನನಗೆ ಇದೇ ಜಾಸ್ತಿ ಇಷ್ಟವಾಯಿತು. ರಾತ್ರಿ ಪ್ಯಾರಿಸ್.

ಶನಿವಾರ, ರೈಲಿನಲ್ಲಿ ಮತ್ತು ಲೋಟ್ ಕಣಿವೆಯಲ್ಲಿ

ಔಸ್ಟರ್‌ಲಿಟ್ಸ್ ನಿಲ್ದಾಣದಿಂದ ದಕ್ಷಿಣಕ್ಕೆ ಹಳೆಯ ಮಾರ್ಗದ ರೈಲು. ವೇಗದ ರೈಲಲ್ಲ, ಕಾಓರ್ ತಲುಪಲು ಐದು ಗಂಟೆ ದಾಟುತ್ತದೆ. ಆದರೆ ಊರು, ಹೊಲ, ನದಿ ಎಲ್ಲ ನೋಡಿಕೊಂಡು ಹೋಗಬಹುದು. ಪ್ಯಾರಿಸ್ ದಾಟಿ ಸ್ವಲ್ಪ ಹೊತ್ತಿಗೆ ಎಡಗಡೆ ದೂರದಲ್ಲಿ ಮಿಲಿ-ಲಾ-ಫೊರೆ ಎಂಬ ಊರು ಇರಬೇಕು, ಕಾಣುವುದಿಲ್ಲ. 1957ರ ಏಪ್ರಿಲ್‌ನಲ್ಲಿ ಆ ಕಡೆಯ ರಸ್ತೆಯಲ್ಲಿ ಸಗಾನ್ ಓಡಿಸುತ್ತಿದ್ದ ಆಸ್ಟನ್ ಮಾರ್ಟಿನ್ ಮಗುಚಿತು. ಉಳಿಯುವುದಿಲ್ಲ ಎಂದು ಪಾದ್ರಿಯನ್ನೂ ಕರೆಸಿದ್ದರು. ಆಗ 21 ವರ್ಷ. ನೋವಿಗೆಂದು ತಿಂಗಳುಗಟ್ಟಲೆ ಮಾರ್ಫಿನ್ ಬದಲಿ ಔಷಧಿ ಕೊಟ್ಟರು. ಚಟ ಅಂಟಿತು. ಅದನ್ನು ಬಿಡಿಸಿಕೊಳ್ಳಲು ಆಸ್ಪತ್ರೆ ಸೇರಿದಾಗ ಬರೆದ ದಿನಚರಿ 1964ರಲ್ಲಿ ಬರ್ನಾರ್ ಬ್ಯುಫೆಯ ಚಿತ್ರಗಳೊಂದಿಗೆ ಪುಸ್ತಕವಾಯಿತು. ಡ್ರಗ್ಸ್ ಎಂದು ಬೆರಳು ಮಡಿಸುವವರಿಗೆ ಅದು ಶುರುವಾದದ್ದು ಆಸ್ಪತ್ರೆಯ ಹಾಸಿಗೆಯಲ್ಲಿ ಅಂತ ಗೊತ್ತಿರುವುದಿಲ್ಲ.

ಕಾಓರ್‌ನಲ್ಲಿ ಅಕ್ಕ ಮತ್ತು ಅವಳ ಹದಿನಾರು ವರ್ಷದ ಮಗಳು ಕಾರು ತಂದು ಕಾಯುತ್ತಿದ್ದರು. ಅಕ್ಕ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು! ವಾಲಾಂತ್ರೆ ಸೇತುವೆ ಹತ್ತಿರ ನದಿ ದಡದಲ್ಲಿ ಕೂತು ತಿಂದೆವು. ಮೂರು ಗೋಪುರದ 14ನೇ ಶತಮಾನದ ಕಲ್ಲಿನ ಸೇತುವೆ ಅದು. ಕಟ್ಟಲು ಸೈತಾನ ಸಹಾಯ ಮಾಡಿದ ಅಂತ ಕಥೆ. 1879ರ ದುರಸ್ತಿಯಲ್ಲಿ ಒಂದು ಗೋಪುರದ ಮೂಲೆಗೆ ಪುಟ್ಟ ಸೈತಾನನ ಕೆತ್ತನೆ ಇಟ್ಟಿದ್ದಾರೆ. ಹುಡುಗಿ ಮೊದಲು ಕಂಡುಹಿಡಿದಳು.

ಅಲ್ಲಿಂದ ಕಜಾರ್ಕ್‌ಗೆ ನದಿಯ ಪಕ್ಕದಲ್ಲೇ ರಸ್ತೆ. ಐವತ್ತು ಕಿಲೋಮೀಟರ್ ಆಸುಪಾಸು, ಆದರೆ ಒಂದು ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಿ. ಒಂದು ಕಡೆ ಸುಣ್ಣಕಲ್ಲಿನ ಬಂಡೆ ರಸ್ತೆಯ ಮೇಲೇ ಬಾಗಿದೆ. ಇನ್ನೊಂದು ಕಡೆ ಹಸಿರು ನೀರು. ರೈಲು ಓಡದ ಹಳೆಯ ಹಳಿ ಅಲ್ಲಲ್ಲಿ ಪೊದೆಯಲ್ಲಿ ಕಾಣುತ್ತದೆ. ಸೇಂಟ್ ಸಿರ್ಕ್ ಲಾಪೊಪಿ ಬೆಟ್ಟದ ಅಂಚಿಗೆ ಅಂಟಿಕೊಂಡ ಹಳ್ಳಿ. ಅಲ್ಲಿ ಕಾರು ನಿಲ್ಲಿಸಿ ಹತ್ತಿ ಇಳಿದೆವು.

ಆಮೇಲೆ ಫೋನಿನ ಮ್ಯಾಪು ನಮ್ಮನ್ನು ಅಡ್ಡದಾರಿಗೆ ಹಾಕಿತು. ನದಿ ಬಿಟ್ಟು ಮೇಲಿನ ಕಲ್ಲುಬಯಲಿಗೆ ಏರಿದೆವು. 'ಕೌಸ್' ಅಂತಾರೆ ಈ ಬಯಲಿಗೆ. ಕುಳ್ಳ ಓಕ್ ಮರ, ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ. ದಾರಿ ಕಿರಿದಾಗುತ್ತ ಹೋಗಿ ಕೊನೆಗೆ ಎರಡು ಗೋಡೆಗಳ ನಡುವೆ ಕಾರು ಸಿಕ್ಕಿಕೊಂಡಿತು. ಎದುರಿಗೆ ಕುರಿ ಹಿಂಡು. ಬಿಳಿ ಮೈ, ಕಣ್ಣಿನ ಸುತ್ತ ಕಪ್ಪು ಬಳೆ, ಕಾಡಿಗೆ ಹಚ್ಚಿದ ಹಾಗೆ. ಕುರಿ ಕಾಯುವ ಮುದುಕ ಸಿಡುಕಲಿಲ್ಲ. ಕುರಿಗಳನ್ನು ಒಂದು ಸಂದಿಗೆ ಹೊಡೆದು, ಕೈ ಆಡಿಸುತ್ತ ಅಕ್ಕನಿಗೆ ಹಿಂದಕ್ಕೆ ತೆಗೆಯಲು ದಾರಿ ತೋರಿಸಿದ. ಕನ್ನಡಿಗೆ ಗೆರೆ ಬಿತ್ತು. "ಎಲ್ಲಿಗೆ?" ಅಂದ. ಕಜಾರ್ಕ್, ಸಗಾನ್ ಸಮಾಧಿ ನೋಡಲು ಅಂದಳು ಅಕ್ಕ. "ಅದು ಕಜಾರ್ಕ್‌ನಲ್ಲಿಲ್ಲ, ಸ್ಯೂಜಾಕ್‌ನಲ್ಲಿದೆ. ನಾಳೆ ಮಂಜು ಬಿಟ್ಟ ಮೇಲೆ ಹೋಗಿ" ಎಂದ. ಹೋಗುವವರಿಗೆ ನಾನೂ ಅದನ್ನೇ ಹೇಳುತ್ತೇನೆ.

ಭಾನುವಾರ, ಕಜಾರ್ಕ್ ಮತ್ತು ಸ್ಯೂಜಾಕ್

ಬೆಳಿಗ್ಗೆ ಕಿಟಕಿ ತೆಗೆದರೆ ಎದುರು ಮನೆ ಕಾಣಲಿಲ್ಲ. ಕಣಿವೆಯ ಮಂಜು. ಹತ್ತು ಗಂಟೆ ಹೊತ್ತಿಗೆ ಮೊದಲು ಮೇಲಿನ ಬಂಡೆಗಳು, ಆಮೇಲೆ ಚರ್ಚಿನ ತುದಿ, ಕೊನೆಗೆ ನದಿ, ಒಂದೊಂದಾಗಿ ಹೊರಗೆ ಬಂದವು. ಊರು ಪುಟ್ಟದು. ಹಳೆಯ ಕೋಟೆಗೋಡೆ ಇದ್ದ ಕಡೆ ಈಗ ದುಂಡನೆಯ ರಸ್ತೆ, ಪ್ಲೇನ್ ಮರಗಳು. ಒಳಗೆ ಓಣಿಗಳು. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಜಾರ್ಜ್ ಪೊಂಪಿದು ಅವರ ರಜೆಮನೆಯೂ ಈ ಊರಲ್ಲಿತ್ತು. ಅವರ ಹೆಸರಿನ ಆಧುನಿಕ ಕಲಾಕೇಂದ್ರ ಇದೆ.

ಸಗಾನ್ ಹುಟ್ಟಿದ್ದು 1935ರ ಜೂನ್ 21ರಂದು, ಇಲ್ಲಿ ಅಜ್ಜಿ ಮನೆಯಲ್ಲಿ. ಅಮ್ಮ ಪ್ಯಾರಿಸ್‌ನಲ್ಲಿದ್ದರೂ ಹೆರಿಗೆಗೆ ಪ್ರತಿ ಸಲ ತವರಿಗೇ ಬರುತ್ತಿದ್ದರು. ಇದನ್ನು ಹೇಳಿದಾಗ ಅಕ್ಕ, "ನಮ್ಮಮ್ಮನ ಹಾಗೇ ಅಲ್ವಾ" ಅಂದಳು. ರಜೆಯಲ್ಲಿ ಹುಡುಗಿ ಬೆಳೆದದ್ದು ಈ ಬೀದಿಗಳಲ್ಲಿ. ಪ್ಯಾರಿಸ್, ಸೇಂಟ್ ಟ್ರೊಪೆ, ನ್ಯೂಯಾರ್ಕ್ ಎಲ್ಲ ಸುತ್ತಿದವಳ ಬೇರು ಇಂಥ ಮಂಜಿನ, ಕಲ್ಲಿನ ಊರಲ್ಲಿ ಅಂತ ಇಲ್ಲಿಗೆ ಬರುವವರೆಗೆ ನನ್ನ ಮನಸ್ಸಿಗೆ ಇಳಿದಿರಲಿಲ್ಲ.

ಅವತ್ತು ಊರಲ್ಲಿ ಕೇಸರಿ ಜಾತ್ರೆ. ಹೌದು, ಕೇಸರಿಯೇ! ಮಧ್ಯಯುಗದಲ್ಲಿ ಈ ಭಾಗದಲ್ಲಿ ಬೆಳೆಯುತ್ತಿದ್ದರಂತೆ, ನಿಂತು ಹೋಗಿತ್ತು. 1990ರ ದಶಕದ ಕೊನೆಗೆ ರೈತರು ಸೇರಿ ಮತ್ತೆ ಶುರು ಮಾಡಿದರು. ಮೇಜಿನ ಮೇಲೆ ನೇರಳೆ ಹೂವಿನ ಗುಡ್ಡೆ. ಸುತ್ತ ಕೂತು ಅಜ್ಜಿಯರು, ಮಕ್ಕಳು ಹೂವು ಬಿಡಿಸುತ್ತಿದ್ದರು. ನಮ್ಮನ್ನೂ ಕೂರಿಸಿದರು. ಹೂವಿನೊಳಗಿನ ಮೂರು ಕೆಂಪು ಎಳೆಗಳನ್ನು ಉಗುರಲ್ಲಿ ಚಿವುಟಿ ತೆಗೆಯಬೇಕು. ಬೆಳಿಗ್ಗೆ ಕೊಯ್ದದ್ದನ್ನು ಅವತ್ತೇ ಬಿಡಿಸಿ ಒಣಗಿಸಬೇಕು. ಒಂದು ಗ್ರಾಂಗೆ ಸುಮಾರು 150 ಹೂವು. ಪಕ್ಕದಲ್ಲಿದ್ದ ರೈತ ಹೆಂಗಸು, ಇಂಡಿಯಾದಲ್ಲಿ ಕೇಸರಿಯಿಂದ ಏನು ಮಾಡುತ್ತೀರಿ ಅಂತ ಕೇಳಿದರು. ಅಕ್ಕ ಕೇಸರಿಬಾತ್ ಮಾಡುವ ವಿಧಾನವನ್ನು ರವೆ ಹುರಿಯುವುದರಿಂದ ಹಿಡಿದು ಹೇಳಿದಳು. ಅವರು ಒಂದು ಚೀಟಿಯಲ್ಲಿ ಬರೆದುಕೊಂಡರು. ಪುಟ್ಟ ಡಬ್ಬಿ ಕೊಂಡೆವು. ನಗದು ಇಟ್ಟುಕೊಂಡು ಹೋಗಿ.

ಮಧ್ಯಾಹ್ನ ಸ್ಯೂಜಾಕ್. ಕಜಾರ್ಕ್‌ನಿಂದ ಕೆಲವೇ ಕಿಲೋಮೀಟರ್, ಲಾರ್ನಗೋಲ್ ಎಂಬ ಗ್ರಾಮಕ್ಕೆ ಸೇರಿದ ನಾಲ್ಕಾರು ಮನೆಗಳ ಹಳ್ಳಿ. ಸ್ಮಶಾನ ಅಷ್ಟೇ ಪುಟ್ಟದು. ಮನೆಯವರೆಲ್ಲ ಅಲ್ಲೇ ಇದ್ದಾರೆ, ಅಪ್ಪ, ಅಮ್ಮ, ಪ್ರೀತಿಯ ಅಣ್ಣ ಜಾಕ್, ಎರಡನೇ ಗಂಡ ರಾಬರ್ಟ್ ವೆಸ್ಟ್‌ಹಾಫ್. 1991ರಲ್ಲಿ ತೀರಿಕೊಂಡ ಪೆಗಿ ರೋಶ್ ಕೂಡ. ಪೆಗಿ ಅವಳ ಬಾಳಿನ ಸಂಗಾತಿ, ಬಹಳ ವರ್ಷ ಇಬ್ಬರೂ ಜೊತೆಗಿದ್ದರು. ಮೊನ್ನೆ ಟ್ಯಾಕ್ಸಿಯವನು ಮಡಿಸಿದ ಬೆರಳುಗಳಲ್ಲಿ ಪೆಗಿ ಇರಲಿಲ್ಲ, ಅಣ್ಣ ಇರಲಿಲ್ಲ, ಮಗ ಡೆನಿ ಕೂಡ ಇರಲಿಲ್ಲ. ಅಮ್ಮ ಬಿಟ್ಟು ಹೋದ ಸಾಲ ಹತ್ತು ಲಕ್ಷ ಯೂರೋಗಿಂತ ಜಾಸ್ತಿ ಅಂತ ಗೊತ್ತಿದ್ದೂ ಅದನ್ನು ಮೈಮೇಲೆ ಎಳೆದುಕೊಂಡವರು ಆ ಮಗ. ಇಲ್ಲದಿದ್ದರೆ ಪುಸ್ತಕಗಳ ಹಕ್ಕು ದಿಕ್ಕಾಪಾಲಾಗುತ್ತಿತ್ತು. ಮುದ್ರಣ ನಿಂತಿದ್ದ ಪುಸ್ತಕಗಳು ಅವರಿಂದಾಗಿ ಅಂಗಡಿಗೆ ವಾಪಸ್ ಬಂದವು. ಅವಳು ಅರ್ಧ ಬರೆದಿಟ್ಟ ಕಾದಂಬರಿಯೊಂದು 2019ರಲ್ಲಿ ಹೊರಬಂತು.

ತನ್ನ ಬಗ್ಗೆ ತಾನೇ ಒಂದು ಮರಣವಾರ್ತೆ ಬರೆದಿದ್ದಳು ಸಗಾನ್. 1954ರಲ್ಲಿ ತೆಳುವಾದ ಕಾದಂಬರಿಯೊಂದಿಗೆ ಕಾಣಿಸಿಕೊಂಡಳು, ಅದು ಜಗತ್ತಿನ ಹಗರಣವಾಯಿತು, ಅವಳು ಕಣ್ಮರೆಯಾದದ್ದು ಮಾತ್ರ ಅವಳೊಬ್ಬಳಿಗೇ ಹಗರಣ ಅನ್ನುವ ಅರ್ಥದ ಸಾಲುಗಳು. ಅದನ್ನು ಅಲ್ಲಿ ನಿಂತು ಅಕ್ಕನ ಮಗಳಿಗೆ ಹೇಳಿದೆ. ಅವಳು ನಿನ್ನೆ ರಾತ್ರಿಯಿಂದ 'ಬೊಂಜೂರ್ ತ್ರಿಸ್ತೆಸ್' ಓದುತ್ತಿದ್ದಳು, ಫ್ರೆಂಚಿನಲ್ಲೇ. ಹೂವು ತಂದಿರಲಿಲ್ಲ. ಜಾತ್ರೆಯಲ್ಲಿ ಬಿಡಿಸಿದ ಕೇಸರಿ ಹೂವಿನ ಎಸಳುಗಳನ್ನು ಒಂದು ಕಾಗದದಲ್ಲಿ ಕಟ್ಟಿಕೊಟ್ಟಿದ್ದರು, ಅದನ್ನೇ ಇಟ್ಟೆವು.

ತುಲೂಸ್‌ಗೆ ಹೊರಟಾಗ ಸಂಜೆಯಾಗಿತ್ತು. ಹಿಂದಿನ ಸೀಟಿನಲ್ಲಿ ಫೋನಿನ ಬೆಳಕಿನಲ್ಲಿ ಓದುತ್ತಿದ್ದವಳು ಹೆದ್ದಾರಿ ಸೇರುವ ಹೊತ್ತಿಗೆ ಮುಗಿಸಿದಳು.

"ಚಿಕ್ಕಿ, ಸಿರಿಲ್ ವಿಷಯಕ್ಕಾ ಇಷ್ಟೊಂದು ಗಲಾಟೆ? ನನಗೆ ಕೋಪ ಬಂದಿದ್ದು ಆನ್ ವಿಷಯಕ್ಕೆ. ಸೆಸಿಲ್ ಅವಳಿಗೆ ಒಂದು ಸಾರಿ ಕ್ಷಮೆ ಕೇಳ್ಬೇಕಿತ್ತು."

"ಕೇಳಿದ್ಳಲ್ಲೇ, ಕಾರಿನ ಹತ್ರ ಓಡಿ ಹೋಗಿ" ಎಂದಳು ಅಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ.

"ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತಲ್ಲಮ್ಮ."

"ಹದಿನೇಳು ವರ್ಷ ಅವಳಿಗೆ. ಆನ್ ದೊಡ್ಡವಳು, ಅವಳಾದ್ರೂ ನಿಂತು ಮಾತಾಡ್ಬಹುದಿತ್ತು."

"ನೀನು ನಿಲ್ತಿದ್ಯಾ?"

ಅಕ್ಕ ಯೋಚಿಸಿದಳು. ನಿಲ್ಲುತ್ತಿರಲಿಲ್ಲ ಅನ್ಸತ್ತೆ ಅಂದಳು. ಹಾಗಾದರೆ ತಪ್ಪು ಅಪ್ಪನದು ಅಂತ ನಾನು ಹೇಳಿದೆ, ಇಬ್ಬರೂ ಒಪ್ಪಲಿಲ್ಲ. ಟೋಲ್ ಗೇಟು ದಾಟಿ, ಊರು ಹೊಕ್ಕು, ಮನೆ ಮುಂದೆ ಕಾರು ನಿಲ್ಲಿಸಿದ ಮೇಲೂ ಮಾತು ಮುಗಿಯಲಿಲ್ಲ. ಭಾವ ಬಾಗಿಲಿಗೆ ಬಂದು, ಸಾರು ಆರುತ್ತಿದೆ, ಒಳಗೆ ಬಂದು ಜಗಳ ಆಡಿ ಅಂದರು. ಸಗಾನ್‌ಳ ಎರಡನೇ ಕಾದಂಬರಿ 1956ರದು. ಅದನ್ನು ಶಾಲೆಯ ಲೈಬ್ರರಿಯಲ್ಲಿ ಕೇಳುತ್ತೇನೆ ಅಂತ ಹುಡುಗಿ ಊಟಕ್ಕೆ ಕೂರುವಾಗ ಹೇಳಿದಳು.